ಗುಡ್ಡ ಎತ್ತ ಹೋತು

ಎರಡು ವರ್ಷದ ಹಿಂದೆ ಕೊಟ್ಟ ಮಾತು,
‘ಮುಂದಿನ ಸಲ ಬರುವಾಗ ತರ್ತೀನಿ ಫೋಟೋ’,
ಬೆನ್ನಚೀಲದಲ್ಲಿ ನೀರಿನ ಬಾಟಲಿಗಿಂತ ಭಾರ.
ಚಿತ್ರದುರ್ಗದ ಲ್ಯಾಬಿನವನು ಇಪ್ಪತ್ತಮೂರು ಪ್ರಿಂಟು ಎಣಿಸಿ
ರಬ್ಬರ್ ಬ್ಯಾಂಡು ಬಿಗಿದು ಕೊಟ್ಟಿದ್ದ.

ಹಿರಿಯೂರಿನ ದಾರಿಯಲ್ಲಿ ಬಸ್ಸು ಇಳಿಸಿಹೋದ ಮೇಲೆ
ಬರೀ ಕಾಲು.
ಬಂದರಿಕೆ ಗಿಡ, ಬಾದೆಹುಲ್ಲು,
ಅಂಗಿ ಹಿಡಿದು ಊರು ಕೇಳುವ ಕಾರೆಮುಳ್ಳು,
ಒಂದರ ಮೇಲೊಂದು ಕೂತು
ಬೀಳುವುದನ್ನೇ ಮರೆತ ಬಂಡೆಗಳು.
ಪ್ರತಿ ತಿರುವಿನಲ್ಲೂ ನಿಂತೆ, ಬೆಳಕು ನೋಡುವ ನೆಪದಲ್ಲಿ.
ನಿಜ ಹೇಳಿದರೆ ಮೊಣಕಾಲು.

ಹಟ್ಟಿ ಮೊದಲು ಸಿಕ್ಕಿದ್ದು ಮೂಗಿಗೆ:
ಕುರಿಹಿಕ್ಕೆ, ತೊಯ್ದ ಉಣ್ಣೆ,
ಕಂಬಳಿಗೆ ಬಳಿಯುವ ಹುಣಸೆಬೀಜದ ಗಂಜಿ.

ಕ್ಯಾತಮ್ಮ ರಾಟೆ ನಿಲ್ಲಿಸಲಿಲ್ಲ.
ಮೊಮ್ಮಗಳು ಫೋಟೋವನ್ನು ಅವಳ ಕಣ್ಣಿಗೆ
ಹತ್ತಿರ ಹಿಡಿದಳು, ದೂರ ಹಿಡಿದಳು.
ನಾನು ತೆಗೆದದ್ದರಲ್ಲೇ ಒಳ್ಳೆಯದು ಅದು.
ಮುಖದ ಗೆರೆಗಳೆಲ್ಲ ಉಳಿ ಇಟ್ಟು ಕೆತ್ತಿದಂತೆ,
ಹಿಂದೆಲ್ಲ ಬೆಣ್ಣೆ ಕರಗಿದ ಹಾಗೆ ಮಸುಕು.
ಸ್ಪರ್ಧೆಯೊಂದರಲ್ಲಿ ಎರಡನೇ ಬಹುಮಾನ ಬಂದಿತ್ತು;
ಹೇಗೆ ಹೇಳುವುದೆಂದು ದಾರಿಯುದ್ದ ಅಭ್ಯಾಸ ಮಾಡಿದ್ದೆ.

‘ಮಕ ನಂದೇಯ. ಸರಿ.
ಗುಡ್ಡ ಎತ್ತ ಹೋತು?’

ಲೆನ್ಸು, ಆಳ, ಅಗಲ ಎಂದೇನೋ ತೊದಲಿದೆ.
‘ಅರವತ್ತು ವರ್ಸದಿಂದ ನನ್ನ ಬೆನ್ನಿಗೆ ನಿಂತೈತೆ ಅದು.
ಒಂದು ಗಳಿಗೆ ಎದ್ದೋಗಿದ್ರೆ
ನನಗೆ ಗೊತ್ತಾಗ್ತಿರಲಿಲ್ವೇನಪ್ಪ?’

ಪಾತಲಿಂಗನೂ ತನ್ನದನ್ನು ಇಸಿದುಕೊಂಡ.
ಸಂಜೆಗೆಂಪು, ಕೋಡುಗಲ್ಲು, ಹೆಗಲ ಮೇಲೆ ಮರಿ.
‘ಫ್ಯಾನು ಎಲ್ಲಿ ಸಾರ್? ಈಗ ನನಗೆ ಅಲ್ಲೇ ರಾತ್ರಿ ಕಾವಲು.’
ಆ ಗಾಳಿಯಂತ್ರ ಬಂಡೆಯ ಮರೆಗೆ ಹೋಗುವಂತೆ
ನಲವತ್ತು ನಿಮಿಷ ಜಾಗ ಹುಡುಕಿದ್ದವನು ನಾನೇ.
ಕರೆಂಟಿನ ತಂತಿಯನ್ನು ಆಮೇಲೆ ಮನೆಯಲ್ಲಿ ಕೂತು ಅಳಿಸಿದ್ದೆ,
ನೀಲಿ ಡ್ರಮ್ಮನ್ನೂ.
‘ಡ್ರಮ್ಮು ನಮ್ಮಕ್ಕನ ಮದುವೇದು’ ಎಂದಳು ಮೊಮ್ಮಗಳು,
ದೂರಿನ ದನಿಯಲ್ಲೇನೂ ಅಲ್ಲ.

ಚಿತ್ತಯ್ಯ ತನ್ನ ಮುಖ ನೋಡಿಕೊಳ್ಳಲೇ ಇಲ್ಲ.
ಫೋಟೋದ ಅಂಚಿನಲ್ಲಿ ಅರ್ಧ ಕತ್ತರಿಸಿದ್ದ ಟಗರಿನ ಕಿವಿಗೆ ಬೆರಳಿಟ್ಟು
‘ಕರಿಗುಂಡ!’ ಎಂದ.
ಚಳ್ಳಕೆರೆ ಸಂತೆಯಲ್ಲಿ ಮಾರಿದ್ದಂತೆ, ಹೋದ ವರ್ಷ.
ಇನ್ನರ್ಧ ಐತಾ ನಿಮ್ಮ ಹತ್ರ, ಎಂದು ಕೇಳಿದ.
ಇರಲಿಲ್ಲ.

ಕೊಡೆ ಹಿಡಿದು ನಗುವ ಒಬ್ಬನ ಪ್ರಿಂಟು
ಕೈಯಿಂದ ಕೈಗೆ ಹಟ್ಟಿಯೆಲ್ಲ ಸುತ್ತಿ ನನಗೇ ಮರಳಿತು.
‘ಇವನು ನಮ್ಮೋನಲ್ಲ.’

ಮಧ್ಯಾಹ್ನದ ಬೆಳಕು ಒಳ್ಳೆಯದಲ್ಲ ಎನ್ನುತ್ತಾರೆ, ಬಲ್ಲವರು.
ಆ ಬೆಳಕಲ್ಲೇ ಕ್ಯಾಮೆರಾ ತೆಗೆದೆ.
ಲೆನ್ಸಿನ ಕಣ್ಣನ್ನು ಸೂಜಿಯ ಕಣ್ಣಿನಷ್ಟು ಕಿರಿದು ಮಾಡಿದೆ,
ದೂರದ್ದೂ ಹತ್ತಿರದ್ದೂ ಒಂದೇ ಸಮ ನಿಲ್ಲಲಿ ಎಂದು.
ಚೌಕಟ್ಟು ಹೇಳಿದ್ದು ಕ್ಯಾತಮ್ಮ:
ಹುಣಸೆಮರ ಬರಲಿ, ನೀರಿನ ಟ್ಯಾಂಕು ಬರಲಿ,
ತಂತಿ ಬಂದರೆ ಬರಲಿ, ಕರೆಂಟೂ ಬತ್ತೈತಲ್ಲ ಅದರಾಗೆ,
ಫ್ಯಾನೂ ಇರಲಿ, ಇಲ್ದಿದ್ರೆ ಈ ಹುಡುಗ ಉಣ್ಣಾಕಿಲ್ಲ.
ಗುಡ್ಡ ಹಿಡಿಸಲೆಂದು ಹಿಂದೆ ಸರಿದೆ, ಇನ್ನೂ ಸರಿದೆ,
ರೊಪ್ಪದ ಮುಳ್ಳುಬೇಲಿ ಹಿಮ್ಮಡಿಗೆ ಚುಚ್ಚುವತನಕ.
ಅಲ್ಲಿಂದ ಅವಳು
ಮೊರದಲ್ಲಿ ಉಳಿದ ಒಂದು ರಾಗಿಕಾಳು.

‘ಕಾಣ್ತೀನಾ?’ ಕೂಗಿದಳು.
‘ಸಣ್ಣಗೆ.’
‘ಸಾಕು. ಗುಡ್ಡ?’
‘ಪೂರ್ತಿ.’
ಆಗ ರಾಟೆ ನಿಲ್ಲಿಸಿದಳು. ಸೆರಗು ಸರಿಮಾಡಿಕೊಂಡಳು,
ರಾಗಿಕಾಳಿಗೆ ಸೆರಗು ಯಾರಿಗೆ ಕಾಣುತ್ತದೆ ಎಂದು
ನಾನು ಹೇಳಲಿಲ್ಲ.

ಇಳಿಯುವಷ್ಟರಲ್ಲಿ ಕತ್ತಲು.
ಕೊಡೆಯವನೊಬ್ಬನೇ ಚೀಲದಲ್ಲಿ, ಇನ್ನೂ ನಗುತ್ತ.
ಡಾಂಬರು ರಸ್ತೆ ಸಿಕ್ಕ ಮೇಲೆ ತಿರುಗಿ ನೋಡಿದೆ.
ಗುಡ್ಡ ಇರಲಿಲ್ಲ,
ಕಪ್ಪಿನಲ್ಲಿ ಕೆಂಪು ದೀಪಗಳು ಒಂದೊಂದೇ ಮಿಣುಕುತ್ತಿದ್ದವು,
ಪಾತಲಿಂಗನದು ಯಾವುದೋ.
ಕ್ಯಾಮೆರಾ ಹೊರಗೆ ತೆಗೆಯಲಿಲ್ಲ.
ಅವಳಂತೆ ನಾನೂ ಬೆನ್ನು ಕೊಟ್ಟು ನಿಂತೆ,
ಬಸ್ಸು ಬರುವವರೆಗೆ.