ಶನಿವಾರ, ಮೂರು ಗಂಟೆ

ಹಳೇ ಹಾಜರಿ ಪುಸ್ತಕದ ಕೊನೇ ಹಾಳೆಯಲ್ಲಿ
ಒಂದೇ ಒಂದು ಮನೆಗೆ ಕೆಂಪು ಸುತ್ತು:
ಶನಿವಾರ, ಮಧ್ಯಾಹ್ನ ಮೂರು.
ಉಳಿದದ್ದೆಲ್ಲ ಅದಕ್ಕೆ ಕಟ್ಟಿಕೊಂಡದ್ದು,
ಗೂಟದ ಸುತ್ತ ಮೇಯುವ ಕರುವಿನ ಹಾಗೆ.

ಶುಕ್ರವಾರ ಲಂಡನ್ನಿನಿಂದ ರೈಲು, ಹನ್ನೊಂದೂ ಮೂವತ್ತೆರಡು,
ದುಡ್ಡು ವಾಪಸಿಲ್ಲದ ಅಗ್ಗದ ಟಿಕೇಟು.
ಶೆಫೀಲ್ಡಿನಲ್ಲಿ ಎರಡು ರಾತ್ರಿ, ಟ್ರಾಮು ಹೋಗುವ ಬೀದಿ,
ಮಂಚ ಎರಡು, ಕಿಟಕಿ ಒಂದು, ನೀರು ಕಾಯಿಸಲು ಕೆಟಲ್.
ಭಾನುವಾರ ಬೆಳಿಗ್ಗೆ ಗಾಜಿನ ಮನೆಯ ತೋಟ, ಆಮೇಲೆ ವಾಪಸು.
'ಉಕ್ಕಿನ ಊರಿಂದ ಉಕ್ಕಿನ ಊರಿಗೆ
ಇಷ್ಟು ದುಡ್ಡು ಸುರಿದು ಹೋಗೋರು ನಾವಿಬ್ಬರೇ ಕಣೆ'
ಅಂದಳು ಲಿಯೊನಿಲ್ಲಾ,
ಭದ್ರಾವತಿ ಕಾರ್ಖಾನೆಯ ಲೆಕ್ಕದ ಮೇಜಿನಲ್ಲಿ
ಮೂವತ್ತು ವರ್ಷ ಪೈಸೆಗೆ ಪೈಸೆ ತಾಳೆ ನೋಡಿದವಳು.

ನಾನು ಅದೇ ಕಾರ್ಖಾನೆ ಶಾಲೆಯ ಪೀಟಿ ಟೀಚರು.
ಜಿಲ್ಲಾ ಲೀಗಿನಲ್ಲಿ ಹನ್ನೆರಡು ವರ್ಷ
ಗೆರೆಗುಂಟ ಬಾವುಟ ಹಿಡಿದು ಓಡಿದವಳು.
ಓಡುವಷ್ಟು ಹೊತ್ತು ಯಾರ ಕಣ್ಣಿಗೂ ಬೀಳದವಳು,
ಬಾವುಟ ಎತ್ತಿದರೆ ಬೈಗುಳ ತಿಂದವಳು.

ವೀಸಾ ಬಂದ ಮಾರನೇ ದಿನ ಸುದ್ದಿ:
ಟೀವಿಯವರು ಕೇಳಿದರಂತೆ,
ಪಂದ್ಯ ಸೋಮವಾರ ರಾತ್ರಿ ಎಂಟಕ್ಕೆ ಹೋಯಿತು.
ಛತ್ರಕ್ಕೆ ಮುಂಗಡ ಕೊಟ್ಟ ಮೇಲೆ
ಬೀಗರು ಬೇರೆ ಮುಹೂರ್ತ ಹಿಡಿದ ಹಾಗೆ.
ಸೋಮವಾರ ರಾತ್ರಿ ಎಂಟಕ್ಕೆ ನಾವು
ಮೋಡದ ಮೇಲೆ ಊಟದ ತಟ್ಟೆ ಬಿಚ್ಚುತ್ತಿರುತ್ತೇವೆ.
ರಬ್ಬರಿನಿಂದ ಉಜ್ಜಿದೆ. ಕೆಂಪು ಇಂಕು ಹೋಗಲಿಲ್ಲ.
ಹಾಳೆ ತೂತಾಯಿತು.

ಹಾಗೇ ಬಂದೆವು, ನಡುವೆ ತೂತಿರುವ ಪ್ಲಾನು ಹಿಡಿದು.
ಈ ಊರಿನಲ್ಲಿ ಸಪಾಟು ರಸ್ತೆಯೇ ಇಲ್ಲ,
ಹಾಲು ತರಲೂ ಗುಡ್ಡ ಹತ್ತಬೇಕು.
ಶನಿವಾರ ಊಟ ಮಾಡಿ ದೊಡ್ಡ ಮೈದಾನದ ಬೀಗ ನೋಡಲು ಹೋದೆವು.
ಗೇಟಿನ ಸಂದಿಯಲ್ಲಿ ಹಸಿರಿನ ಒಂದು ಎಳೆ,
ಸೀರೆಯ ಸಣ್ಣ ಅಂಚಿನಷ್ಟು.
ಫೋಟೋ ಬೇಡ ಅಂದೆ. ಲಿಯೊನಿಲ್ಲಾ ತೆಗೆದಳು.

ಟ್ರಾಮು ತಪ್ಪಿತು. ನಡೆದೆವು. ದಾರಿಯೂ ತಪ್ಪಿತು.
ಏರಿ ಏರಿ ಒಂದು ಪಾರ್ಕು, ಅದರಲ್ಲೊಂದು ಓರೆ ಮೈದಾನ,
ಒಂದು ಗೋಲು ಮೇಲೆ, ಇನ್ನೊಂದು ಇಳಿಜಾರಿನಲ್ಲಿ.
ಹೊಟ್ಟೆ ಬಂದ ಗೋಲಿ, ಆರು ಜನ ಪ್ರೇಕ್ಷಕರು, ಎರಡು ನಾಯಿ,
ಒದ್ದೆ ಮಣ್ಣಿನ ಅದೇ ವಾಸನೆ.
ರೆಫರಿ ಕೂಗುತ್ತಿದ್ದ:
ಗೆರೆಗೆ ಒಬ್ಬರು ಕಡಿಮೆ, ಯಾರಾದರೂ ಇದ್ದೀರಾ?

ನನ್ನ ಕೈ ಮೇಲೆದ್ದಿತ್ತು, ನನ್ನನ್ನು ಕೇಳದೆ.
ಅವನು ನನ್ನ ಚೂಡಿದಾರ ನೋಡಿದ, ಮೂಗುತಿ ನೋಡಿದ,
ಗಡಿಯಾರ ನೋಡಿದ. ಬಾವುಟ ಕೊಟ್ಟ.

ಮೊದಲು ಉಸಿರು ಸಿಗಲಿಲ್ಲ.
ಆಮೇಲೆ ಕಾಲಿಗೆ ನೆನಪಾಯಿತು.
ಅಡ್ಡಡ್ಡ ಹೆಜ್ಜೆ, ಕಣ್ಣು ಕೊನೆಯ ಡಿಫೆಂಡರ್ ಮೇಲೆ,
ಕಿವಿ ಚೆಂಡಿಗೆ ಬಿದ್ದ ಒದೆಯ ಸದ್ದಿಗೆ.
ಯೆಮೆನ್ ಮೂಲದ ಒಬ್ಬ ತೆಳ್ಳನೆಯ ಹುಡುಗ
ಎಂಥ ಗೋಲು ಹೊಡೆದ!
ನಾನು ಬಾವುಟ ಎತ್ತಿ ನಿಂತಿದ್ದೆ.

ಬೈದರು. ಭಾಷೆ ಅರ್ಧ ಅರ್ಥವಾಯಿತು, ರಾಗ ಪೂರ್ತಿ.
ಬೇಲಿಯಾಚೆ ಚಿಪ್ಸಿನ ಪೊಟ್ಟಣ ಮೇಲೆತ್ತಿ
ಲಿಯೊನಿಲ್ಲಾ ಕನ್ನಡದಲ್ಲೇ ಅರಚಿದಳು:
'ಒಂದು ಗೇಣು ಮುಂದಿದ್ದನಲ್ರೀ, ಕಣ್ಣು ಕಾಣಲ್ವಾ!'

ವಿರಾಮದಲ್ಲಿ ಆ ಹುಡುಗನೇ ಚಹಾ ತಂದ, ಫ್ಲಾಸ್ಕಿನ ಮುಚ್ಚಳದಲ್ಲಿ.
ಅವನಜ್ಜ ಇಲ್ಲಿನ ಕುಲುಮೆಯ ಮುಂದೆ ನಿಂತವನಂತೆ.
ಭದ್ರಾವತಿ ಅಂದೆ. ಗೊತ್ತಾಗಲಿಲ್ಲ.
ಉಕ್ಕು ಅಂದೆ. ತಲೆಯಾಡಿಸಿದ.
'ಅದು ಆಫ್‌ಸೈಡ್ ಅಲ್ಲ' ಅಂದ.
'ಹೌದು' ಅಂದೆ.
ಸುಮ್ಮನೆ ಇಬ್ಬರೂ ಇಳಿಜಾರು ನೋಡಿದೆವು.

ರಾತ್ರಿ ಲಿಯೊನಿಲ್ಲಾ ತೂತಿನಲ್ಲಿ ಬೆರಳು ತೂರಿಸಿ
'ಇದನ್ನ ಯಾವ ಖಾತೆಗೆ ಹಾಕಲಿ?' ಅಂದಳು.
ನನಗೆ ಆಗಲೇ ನಿದ್ದೆ.

ಸೋಮವಾರ ರಾತ್ರಿ ಎಂಟು, ಮೋಡದ ಮೇಲೆ,
ಐಸು ಕೇಳಿದೆ.
'ಯಾವ ಪಾನೀಯಕ್ಕೆ?' ಅಂದಳು ಗಗನಸಖಿ.
'ಮಂಡಿಗೆ' ಅಂದೆ.