ಮೈನಸ್ ಎಂಬತ್ತು

ಹನ್ನೊಂದು ವರ್ಷ ಹರಿದುಹೋದ ರಕ್ತವನ್ನು
ಯಾರೂ ಏನೂ ಕೇಳಲಿಲ್ಲ.
‘ಎಲ್ಲರಿಗೂ ಇದ್ದದ್ದೇ’ ಅಂದರು ಅತ್ತೆ.
‘ಒಂದು ಮಗು ಆಗಲಿ, ಸರಿಹೋಗುತ್ತೆ’ ಅಂದರು ಬನಶಂಕರಿಯ ಡಾಕ್ಟರು.
ಸ್ಕ್ಯಾನಿಂಗಿನಲ್ಲಿ ಏನೂ ಕಾಣಲಿಲ್ಲ.

ಇವತ್ತು ಮೊಣಕೈ ಮಡಿಕೆಯ ಎರಡು ಚಮಚಕ್ಕೆ
ಎಷ್ಟೊಂದು ಮರ್ಯಾದೆ!
ಜೆಸಿಂತಾ ಎಂಬ ಹುಡುಗಿ ನೇರಳೆ ಮುಚ್ಚಳದ ಕೊಳವೆಯನ್ನು
ಹಾಲುಗೂಸಿನಂತೆ ಮೆಲ್ಲಗೆ ತೂಗಿ
ಬರೆದುಕೊಂಡಳು: ವಯಸ್ಸು, ಮುಟ್ಟಿನ ಎಷ್ಟನೇ ದಿನ,
ಕೆಲಸ?

ಕಂಡಕ್ಟರು. ಮೆಜೆಸ್ಟಿಕ್ಕಿನಿಂದ ಕೆಂಗೇರಿ.
ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಕಂಬಿಗೆ ಒರಗಿ
ಟಿಕೆಟ್ ಮಷೀನನ್ನು ಕಿಬ್ಬೊಟ್ಟೆಗೆ ಒತ್ತಿಕೊಳ್ಳುತ್ತೇನೆ,
ಮಧ್ಯಾಹ್ನದ ಹೊತ್ತಿಗೆ ಅದು ಬೆಚ್ಚಗಿರುತ್ತದಲ್ಲ, ಅದಕ್ಕೆ.
ಇದಕ್ಕೆ ಫಾರಮ್ಮಿನಲ್ಲಿ ಜಾಗವಿರಲಿಲ್ಲ.

‘ರಿಪೋರ್ಟು ಬರಲ್ಲ ಅಕ್ಕಾ, ಇದು ಸಂಶೋಧನೆಗೆ.
ಹೊಟ್ಟೆ ಕೊಯ್ಯದೆ ರಕ್ತದಲ್ಲೇ ಗುರುತು ಸಿಗುತ್ತಾ ಅಂತ
ಹುಡುಕ್ತಿದಾರೆ.’
ಸಿಕ್ಕಿತಾ?
ಅವಳು ಸ್ಟಿಕ್ಕರು ಅಂಟಿಸುತ್ತಿದ್ದಳು.

ಹೆಸರಿಲ್ಲ, ಬರೀ ನಂಬರು;
ಮೈನಸ್ ಎಂಬತ್ತರ ಫ್ರೀಜರಿಗೆ ಟಿಕೆಟ್ಟು.
ಇಳಿಯುವ ಸ್ಟಾಪು ಬರೆದಿಲ್ಲ.

‘ಹತ್ತಿ ಐದು ನಿಮಿಷ ಒತ್ತಿ ಹಿಡೀರಿ, ನಿಲ್ಲುತ್ತೆ.’

ಎರಡೇ ನಿಮಿಷಕ್ಕೆ ನಿಂತಿತು.
ಹೇಳಿದ ಮಾತು ಕೇಳುವ ರಕ್ತವೂ
ನನ್ನಲ್ಲಿದೆ.