ಐವತ್ತರಲ್ಲೊಂದು

ರಾತ್ರಿ ಮೂರ್ನಾಡಿನಲ್ಲಿ ಮದುವೆ.
ಮಂಟಪದ ತುಂಬ ಟ್ಯೂಬ್‌ಲೈಟು.
ಹಂಝಣ್ಣ ಕಲಿಸಿದ್ದು ಇಷ್ಟೇ:
ಕರೆಂಟಿನ ಬೆಳಕು ಮಿಣುಕುತ್ತಲೇ ಇರುತ್ತದೆ,
ನಿನಗೆ ಕಾಣದು, ಕ್ಯಾಮರಾಕ್ಕೆ ಕಾಣುತ್ತದೆ.
ಶಟರ್ ಐವತ್ತರಲ್ಲಿಡು.
ಇಲ್ಲವೋ, ಮದುಮಗಳ ಮುಖದ ಮೇಲೆ ಕಪ್ಪು ಪಟ್ಟೆ ಹತ್ತಿಳಿದು
ಅವರಮ್ಮ ದುಡ್ಡು ಕೊಡುವುದಿಲ್ಲ.

ಇಟ್ಟೆ. ವಾಲಗಕ್ಕೆ ಕುಣಿದವರ ಕುಪ್ಯದ ಅಂಚು
ಶಾಯಿ ಹರಡಿದಂತೆ ಗಾಳಿಯಲ್ಲಿ ಹರಿದು
ಎಲ್ಲ ಚೆಂದವೇ ಬಂತು.
ಬೆಳಗ್ಗೆ ನಾಪೋಕ್ಲಿನ ಮೈದಾನಕ್ಕೆ ಓಡಿದೆ,
ಕಣ್ಣಲ್ಲಿ ನಿದ್ದೆ, ಕ್ಯಾಮರಾದಲ್ಲಿ ಅದೇ ಐವತ್ತು.
ಬಿಸಿಲು ಜಾಸ್ತಿಯೆಂದು ಐರಿಸ್ ಕಿರಿದು ಮಾಡಿದೆ,
ಶಟರಿನ ನೆನಪೇ ಆಗಲಿಲ್ಲ.

ಹೊಳೆಯಾಚೆಯ ಒಕ್ಕಕ್ಕೂ ಬೆಟ್ಟದವರಿಗೂ ಹಾಕಿ.
ಕೊನೆಯ ನಿಮಿಷ. ಗೋಲಿನ ಮುಂದೆ ಧೂಳು.
ಚೆಂಡು ತಗುಲಿದ್ದು ದೇಚವ್ವನ ಕಾಲಿಗೋ ಸ್ಟಿಕ್ಕಿಗೋ?
ಅಂಪೈರು ಸೀಟಿ ಊದಲಿಲ್ಲ.
ಊದಬೇಕಿತ್ತು ಎಂದವರು ಇನ್ನೂರು ಜನ.
"ಕರೆಯಿರಿ ಆ ವಿಡಿಯೋದವನನ್ನು."

ಜೀಪಿನ ಬಾನೆಟ್ಟಿನ ಮೇಲೆ ಲ್ಯಾಪ್‌ಟಾಪು,
ಬಿಸಿಲಿಗೆ ಅಡ್ಡ ಯಾರದೋ ಕೊಡೆ.
ಒಂದೊಂದೇ ಫ್ರೇಮು ಸರಿಸಿದೆ.
ಚೆಂಡು ಇಲ್ಲ.
ಚೆಂಡಿದ್ದ ಕಡೆ ಒಂದು ಬಿಳಿ ಗೀಟು,
ಸುಣ್ಣದ ಬೆರಳನ್ನು ಕಂಬಕ್ಕೆ ಒರೆಸಿದ ಹಾಗೆ.
ಕಾಲು, ಸ್ಟಿಕ್ಕು, ಹುಲ್ಲು
ಒಂದರೊಳಗೊಂದು ಕಲಸಿಹೋಗಿವೆ.
ಇವರು ಕಾಲೆಂದರು. ಅವರು ಸ್ಟಿಕ್ಕೆಂದರು.
ಗೀಟು ಇಬ್ಬರಿಗೂ ಹೂಂ ಅಂದಿತು.

ಚೀಯಣ್ಣ ನನ್ನತ್ತ ತಿರುಗಿ,
"ಬಾಡಿಗೆ ಎಷ್ಟು ಹೇಳಿದ್ದೆ?" ಎಂದರು.
ಅರ್ಧ ಬಿಟ್ಟೆ, ನಾನಾಗಿಯೇ.

ಮಾರನೆಯ ದಿನ ಸಾವಿರದಲ್ಲಿಟ್ಟೆ.
ಚೆಂಡಿನ ಗುಳಿಗಳನ್ನು ಎಣಿಸಬಹುದು.
ಗಲ್ಲ ಬಿಟ್ಟ ಬೆವರಿನ ಹನಿ
ಬೀಳಲೋ ಬೇಡವೋ ಎಂದು ಗಾಳಿಯಲ್ಲೇ ನಿಂತಿದೆ.
ಓಡಿಸಿ ನೋಡಿದರೆ ಮಾತ್ರ ಆಟಗಾರರು
ತಡೆದು ತಡೆದು ಸೂತ್ರದ ಬೊಂಬೆಗಳಂತೆ ಎಗರುತ್ತಾರೆ;
ಎಲ್ಲ ಇದೆ, ಓಟವೊಂದಿಲ್ಲ.
ಅಂದು ಜಗಳವೂ ಆಗಲಿಲ್ಲ.
ಅಷ್ಟು ಸ್ಪಷ್ಟವಾದದ್ದನ್ನು ಯಾರೂ ಕೇಳಲೇ ಇಲ್ಲ.

ಸಂಜೆ ಟ್ರೈಪಾಡು ಮಡಚುತ್ತಿದ್ದೆ.
ದೇಚವ್ವ ಪೆನ್‌ಡ್ರೈವ್ ಹಿಡಿದು ಬಂದರು.
"ನಿನ್ನೆಯದು ಹಾಕಿಕೊಡು."
ಅದು ಮಸುಕು, ಇವತ್ತಿನದು ಚೆನ್ನಾಗಿದೆ ಎಂದೆ.
"ಇವತ್ತು ನಾನು ಆಡಿಲ್ಲವಲ್ಲ."

ಕಾಪಿ ಆಗುವಷ್ಟು ಹೊತ್ತು ಸುಮ್ಮನಿರಲಾಗದೆ
ಕೇಳಿಯೇಬಿಟ್ಟೆ: ಕಾಲಿಗೆ ತಾಗಿತ್ತಾ?

ನಕ್ಕರು. "ನನಗೂ ಹಾಗೇ ಕಂಡದ್ದು ಮಗಾ,
ಬಿಳಿ ಗೀಟು."

ಪೆನ್‌ಡ್ರೈವನ್ನು ಸೆರಗಿಗೆ ಗಂಟು ಹಾಕಿ
ಸ್ಕೂಟರಿನತ್ತ ಹೊರಟರು,
ಎಡಗಾಲನ್ನು ತುಸುವೇ ಎಳೆಯುತ್ತ,
ತೀರ ನಿಧಾನ.
ಯಾವ ಶಟರಿಗೂ ಸಿಗುತ್ತಿತ್ತು.
ಕ್ಯಾಮರಾ ಬ್ಯಾಗಿನೊಳಗಿತ್ತು.